ಲಾರಿಯಲ್ಲಿ ಸರಕು ಅಲುಗದಂತೆ ಹೇರುವ ಮತ್ತು ಬಿಗಿಯುವ ಕ್ರಮ

ಲಾರಿಗೆ ಸರಕು ಹೇರುವಾಗ ನಮ್ಮಲ್ಲಿ ಎಲ್ಲರ ನಂಬಿಕೆಯೂ ಹಗ್ಗದ ಮೇಲೆ ಇರುತ್ತದೆ. ಹಮಾಲರು ಮೂಟೆಗಳನ್ನು ಏರಿಸಿ ಕೆಳಗಿಳಿದ ಮೇಲೆ ಚಾಲಕ ಮತ್ತು ಕ್ಲೀನರ್ ಸೇರಿ ಟಾರ್ಪಾಲು ಹೊದಿಸುತ್ತಾರೆ, ಹಗ್ಗವನ್ನು ಒಂದು ಬದಿಯ ಕೊಕ್ಕೆಯಿಂದ ಇನ್ನೊಂದು ಬದಿಗೆ ಎಸೆದು ಜಗ್ಗಿ ಕಟ್ಟುತ್ತಾರೆ, ಅಲ್ಲಿಗೆ ಲೋಡು ಭದ್ರವಾಯಿತೆಂದು ಹೊರಡುತ್ತಾರೆ. ವಾಸ್ತವವಾಗಿ ಸರಕನ್ನು ಹಿಡಿದಿಡುವುದು ಮೂರು ಸಂಗತಿಗಳು: ಅದನ್ನು ಎಲ್ಲಿ ಇಟ್ಟಿದ್ದೇವೆ, ಯಾವುದಕ್ಕೆ ಆನಿಸಿದ್ದೇವೆ, ಅದರ ಅಡಿಯಲ್ಲಿ ಏನನ್ನು ಹಾಸಿದ್ದೇವೆ. ಹಗ್ಗ, ಬೆಲ್ಟು, ಸರಪಳಿಗಳ ಕೆಲಸ ಆ ಮೂರಕ್ಕೆ ನೆರವಾಗುವುದು ಮಾತ್ರ. ಈ ಬರಹದಲ್ಲಿ ಮುಖ್ಯವಾಗಿ ಆರು ಚಕ್ರದ ಮತ್ತು ಹತ್ತು ಚಕ್ರದ ತೆರೆದ ಬಾಡಿಯ ಲಾರಿಗಳನ್ನು ಗಮನದಲ್ಲಿಟ್ಟುಕೊಂಡು, ಹೇರುವ ಮೊದಲಿನಿಂದ ಇಳಿಸುವವರೆಗೆ ಏನು ಮಾಡಬೇಕೆಂಬುದನ್ನು ವಿವರಿಸಿದ್ದೇನೆ.

ಬ್ರೇಕ್ ಹಾಕಿದಾಗ ಸರಕಿಗೆ ಏನಾಗುತ್ತದೆ

ಚಾಲಕ ಬ್ರೇಕ್ ಒತ್ತಿದಾಗ ನಿಧಾನವಾಗುವುದು ಲಾರಿ. ಸರಕು ತನ್ನಷ್ಟಕ್ಕೆ ಅದೇ ವೇಗದಲ್ಲಿ ಮುಂದಕ್ಕೆ ಹೋಗಲು ನೋಡುತ್ತದೆ. ಯುರೋಪಿನಲ್ಲಿ ಸರಕು ಬಿಗಿಯುವುದಕ್ಕೆ ಬಳಸುವ ಇಎನ್ 12195 ಮಾನದಂಡದ ಪ್ರಕಾರ, ಸರಕು ತನ್ನ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೂ, 0.5 ಪಾಲಿನಷ್ಟು ಬಲದಿಂದ ಎರಡು ಪಕ್ಕಗಳಿಗೂ ಹಿಂದಕ್ಕೂ ತಳ್ಳಬಹುದೆಂದು ಭಾವಿಸಿ ಅದನ್ನು ಬಿಗಿಯಬೇಕು. ಬ್ರೇಕಿನ ನಿಯಮ ನಮ್ಮ ರಸ್ತೆಯಲ್ಲೂ ಅದೇ ಆಗಿರುವುದರಿಂದ ಈ ಲೆಕ್ಕ ನಮಗೂ ಸಲ್ಲುತ್ತದೆ.

10 ಟನ್ ಸರಕನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜೋರಾಗಿ ಬ್ರೇಕ್ ಹಾಕಿದರೆ ಅದು 8 ಟನ್ ತೂಕದಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಮರದ ಹಲಗೆಯ ನೆಲದ ಮೇಲೆ ಒಣಗಿದ ಸರಕಿನ ಘರ್ಷಣೆ 0.3ರಷ್ಟಿದೆ ಎಂದಿಟ್ಟುಕೊಂಡರೆ ನೆಲವೇ 3 ಟನ್ನಿನಷ್ಟು ಬಲವನ್ನು ತಡೆಯುತ್ತದೆ, ಉಳಿದ 5 ಟನ್ನನ್ನು ಬೇರೇನಾದರೂ ತಡೆಯಬೇಕು. ಆ ಕೆಲಸವನ್ನು ಮೇಲಿನಿಂದ ಹಾಯಿಸಿ ಬಿಗಿದ ಬೆಲ್ಟುಗಳೊಂದರಿಂದಲೇ ಮಾಡಿಸಬೇಕೆಂದರೆ, ಅವು ಸರಕನ್ನು ಸುಮಾರು 16.7 ಟನ್ ಬಲದಿಂದ ಕೆಳಕ್ಕೆ ಒತ್ತಬೇಕಾಗುತ್ತದೆ, ಏಕೆಂದರೆ ಬೆಲ್ಟು ಒತ್ತಿದ ಬಲದ 0.3 ಪಾಲು ಮಾತ್ರ ತಡೆಯಾಗಿ ಸಿಗುತ್ತದೆ. ಹಲ್ಲುಚಕ್ರದ ಹಿಡಿಕೆಯನ್ನು ಕೈಯಿಂದ ಆಡಿಸಿ ಬಿಗಿಯುವ ಸಾಮಾನ್ಯ ರ‍್ಯಾಚೆಟ್ ಬೆಲ್ಟು ಒಂದು ಬದಿಗೆ 300 ಕಿಲೋ, ಎರಡು ಬದಿ ಸೇರಿ 600 ಕಿಲೋ ಒತ್ತುತ್ತದೆ ಎಂದು ಹಿಡಿದರೂ 28 ಬೆಲ್ಟು ಬೇಕು. ಅಷ್ಟು ಬೆಲ್ಟು ಯಾವ ಲಾರಿಯಲ್ಲೂ ಇರುವುದಿಲ್ಲ.

ಅದೇ ಸರಕನ್ನು ಕ್ಯಾಬಿನ್ ಹಿಂದಿನ ಗಟ್ಟಿಯಾದ ಮುಂಗೋಡೆಗೆ ಸಂದಿಲ್ಲದಂತೆ ಆನಿಸಿ ಇಟ್ಟರೆ 5 ಟನ್ನಿನ ಬಹುಪಾಲನ್ನು ಆ ಗೋಡೆಯೇ ಹೊರುತ್ತದೆ. ಸರಕಿನ ಅಡಿಗೆ ರಬ್ಬರ್ ಹಾಸು ಹಾಕಿದರೆ ಘರ್ಷಣೆ 0.6ಕ್ಕೆ ಏರಿ, ನೆಲವೊಂದೇ 6 ಟನ್ನಿನಷ್ಟು ತಡೆಯುತ್ತದೆ. ಹಳೆಯ ಕನ್ವೇಯರ್ ಬೆಲ್ಟಿನ ತುಂಡುಗಳು ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ, ಅವನ್ನೇ ಹಾಸಾಗಿ ಬಳಸಬಹುದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ರಕ್ಷಣೆ ಕೊಡುವ ಸಾಧನ ಮತ್ತೊಂದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ, ಆದರೂ ನಮ್ಮ ಲಾರಿಗಳಲ್ಲಿ ಅದು ಕಾಣುವುದು ಅಪರೂಪ. ನೆಲದ ಮೇಲೆ ಎಣ್ಣೆ, ಮರಳು, ಹಿಂದಿನ ಲೋಡಿನ ಕಾಳು, ಮಳೆಯ ನೀರು ಇದ್ದರೆ ಘರ್ಷಣೆ ಲೆಕ್ಕಕ್ಕೆ ಸಿಗದಷ್ಟು ಕುಸಿಯುತ್ತದೆ. ಆದ್ದರಿಂದ ಹೇರುವ ಮೊದಲು ಮಾಡಬೇಕಾದ ಮೊದಲ ಕೆಲಸ ಬಾಡಿಯನ್ನು ಚೆನ್ನಾಗಿ ಗುಡಿಸುವುದು.

ಖಾಲಿ ಲಾರಿಯನ್ನು ನೋಡಿಕೊಳ್ಳುವುದು

ಗುಡಿಸುವಾಗಲೇ ನೆಲದ ಹಲಗೆಗಳಲ್ಲಿ ಕೊಳೆತದ್ದು, ಸೀಳಿದ್ದು, ಮೊಳೆ ಮೇಲೆದ್ದದ್ದು ಕಣ್ಣಿಗೆ ಬೀಳುತ್ತದೆ. ಮುಂಗೋಡೆಯ ಬೆಸುಗೆ ಬಿಟ್ಟಿದೆಯೇ, ಪಕ್ಕದ ಬಾಗಿಲುಗಳ ಕೀಲು ಮತ್ತು ಅಗುಳಿಗಳು ನೆಟ್ಟಗಿವೆಯೇ, ಹಗ್ಗ ಕಟ್ಟುವ ಕೊಕ್ಕೆಗಳಲ್ಲಿ ಯಾವುದಾದರೂ ಬಾಗಿದೆಯೇ ಅಥವಾ ತುಕ್ಕು ತಿಂದಿದೆಯೇ ಎಂದು ಒಂದೊಂದನ್ನೂ ಕೈಯಿಂದ ಅಲುಗಿಸಿ ನೋಡಬೇಕು. ತೆಳುವಾದ ತಗಡಿಗೆ ಬೆಸೆದ ಕೊಕ್ಕೆ ಟಾರ್ಪಾಲಿನ ಹಗ್ಗಕ್ಕೆ ಸಾಕು, ಯಂತ್ರವನ್ನೋ ಕಲ್ಲನ್ನೋ ಬಿಗಿಯುವ ಸರಪಳಿಗೆ ಸಾಲದು. ಅಂಥ ಸರಪಳಿಯನ್ನು ಚಾಸಿಸ್‌ಗೆ ಅಥವಾ ಚಾಸಿಸ್‌ಗೆ ಕೂಡಿಸಿದ ಅಡ್ಡ ತೊಲೆಗೆ ಕಟ್ಟಬೇಕು. ಟಯರಿನ ಗಾಳಿಯನ್ನು ಲಾರಿ ಖಾಲಿ ಇದ್ದಾಗ, ಟಯರು ತಣ್ಣಗಿದ್ದಾಗ ನೋಡಬೇಕು. ಜೋಡಿ ಚಕ್ರಗಳಲ್ಲಿ ಒಳಗಿನದ್ದು ಚಪ್ಪಟೆಯಾಗಿದ್ದರೂ ಹೊರಗಿನಿಂದ ಕಾಣುವುದಿಲ್ಲವಾದ್ದರಿಂದ ಅದನ್ನು ಬೇರೆಯಾಗಿ ಪರೀಕ್ಷಿಸಬೇಕು.

ಹೇರಲು ನಿಲ್ಲಿಸುವ ಜಾಗ ಸಮತಟ್ಟಾಗಿರಬೇಕು. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳ ಎರಡೂ ಕಡೆ ಬೆಣೆ ಕೊಟ್ಟು, ಕೀಲಿಯನ್ನು ಚಾಲಕ ತನ್ನ ಬಳಿಯೇ ಇಟ್ಟುಕೊಳ್ಳಬೇಕು. ಮೇಲೆ ಹಮಾಲರಿರುವಾಗ ಲಾರಿಯನ್ನು ಎರಡಡಿ ಹಿಂದಕ್ಕೆ ತೆಗೆಯುವ ಪರಿಪಾಠ ಅನೇಕ ಯಾರ್ಡುಗಳಲ್ಲಿದೆ. ಅದನ್ನು ಯಾವ ಕಾರಣಕ್ಕೂ ಒಪ್ಪಬಾರದು. ಎಲ್ಲರೂ ಕೆಳಗಿಳಿದ ಮೇಲಷ್ಟೇ ಚಕ್ರ ಉರುಳಬೇಕು.

ತೂಕ ಎಷ್ಟು, ಎಲ್ಲಿ

ಲಾರಿ ಎಷ್ಟು ಹೊರಬಹುದೆಂಬುದು ಅದರ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬರೆದಿರುತ್ತದೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ, ಎರಡು ಬದಿಯ ಚಕ್ರಗಳನ್ನು ಕೂಡಿಸುವ ಅಚ್ಚುಗಳಾದ ಆಕ್ಸಲ್‌ಗಳ ಮೇಲಿನ ತೂಕದ ಮಿತಿಯನ್ನು ಹೆಚ್ಚಿಸಿತು: ನಾಲ್ಕು ಟಯರುಗಳ ಒಂಟಿ ಆಕ್ಸಲ್‌ಗೆ 10.2 ಟನ್ನಿನಿಂದ 11.5 ಟನ್‌ಗೆ, ಎಂಟು ಟಯರುಗಳ ಜೋಡಿ ಆಕ್ಸಲ್‌ಗೆ 19ರಿಂದ 21 ಟನ್‌ಗೆ. ಎರಡು ಆಕ್ಸಲ್‌ಗಳ ಲಾರಿಯ ಒಟ್ಟು ತೂಕದ ಮಿತಿ 16.2ರಿಂದ 18.5 ಟನ್‌ಗೆ ಏರಿತು. ಆದರೆ ಹಳೆಯ ಲಾರಿಯ ಬ್ರೇಕು, ಕಮಾನು ಪಟ್ಟಿಗಳು ಹಳೆಯ ತೂಕಕ್ಕೆಂದೇ ಮಾಡಿದವು. ಆದ್ದರಿಂದ ಯಾರೋ ಹೇಳಿದ ಹೊಸ ಅಂಕಿಯನ್ನು ನೆಚ್ಚದೆ ನಿಮ್ಮ ಆರ್‌ಸಿಯಲ್ಲಿ ಇರುವುದನ್ನೇ ಮಿತಿಯೆಂದು ತಿಳಿಯಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಹೆಚ್ಚು ತೂಕ ಹೇರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸುವ ಖರ್ಚು ಬೀಳುತ್ತದೆ. ಸರಕು ಬಾಡಿಯ ಪಕ್ಕಕ್ಕೋ ಹಿಂದಕ್ಕೋ ಮುಂದಕ್ಕೋ ಚಾಚಿದ್ದರೆ, ನಿಗದಿತ ಎತ್ತರವನ್ನು ಮೀರಿದ್ದರೆ ಅದಕ್ಕೆ ಬೇರೆಯಾಗಿ 20,000 ರೂಪಾಯಿ ದಂಡವಿದೆ.

ಒಟ್ಟು ತೂಕ ಮಿತಿಯೊಳಗಿದ್ದ ಮಾತ್ರಕ್ಕೆ ಲಾರಿ ಸುರಕ್ಷಿತವಾಗಿದೆ ಎನ್ನುವಂತಿಲ್ಲ. ಖಾಲಿ ಲಾರಿ 6 ಟನ್ ತೂಗುತ್ತದೆ, ಅದರಲ್ಲಿ ಮುಂದಿನ ಆಕ್ಸಲ್‌ಗೆ 3, ಹಿಂದಿನದಕ್ಕೆ 3 ಟನ್ ಬೀಳುತ್ತದೆ, ಎರಡು ಆಕ್ಸಲ್‌ಗಳ ನಡುವಿನ ಅಂತರ 4.8 ಮೀಟರ್ ಎಂದುಕೊಳ್ಳಿ. ಇದಕ್ಕೆ 10 ಟನ್ ಸರಕು ಹೇರಿ, ಆ ಸರಕಿನ ಭಾರಕೇಂದ್ರವನ್ನು ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಮುಂದೆ ಇಟ್ಟರೆ ಸುಮಾರು 2.1 ಟನ್ ಮುಂದಿನ ಆಕ್ಸಲ್‌ಗೂ 7.9 ಟನ್ ಹಿಂದಿನದಕ್ಕೂ ಹೋಗಿ, ಹಿಂದೆ 10.9 ಟನ್ ಬೀಳುತ್ತದೆ. ಇದು 11.5ರ ಮಿತಿಯೊಳಗಿದೆ. ಅದೇ 10 ಟನ್ನನ್ನು ಸರಿಯಾಗಿ ಹಿಂದಿನ ಆಕ್ಸಲ್ ಮೇಲೆಯೇ ಕೂರಿಸಿದರೆ ಹಿಂದೆ 13 ಟನ್ ಆಗುತ್ತದೆ. ಒಟ್ಟು ತೂಕ 16 ಟನ್ನೇ ಇದ್ದರೂ ಆಕ್ಸಲ್ ಮಿತಿ ಮೀರಿತು. ಇನ್ನೂ ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟೇರಿಂಗ್ ಮಾತು ಕೇಳದಂತಾಗುತ್ತದೆ, ಏರಿನಲ್ಲಿ ಇದು ಬಹಳ ಅಪಾಯಕರ. ಎಡಬಲಗಳ ವಿಷಯದಲ್ಲೂ ಹೀಗೆಯೇ. ಭಾರದ ಸರಕು ಒಂದೇ ಪಕ್ಕದಲ್ಲಿದ್ದರೆ ಆ ಬದಿಯ ಪಟ್ಟಿಗಳು ಕುಸಿದು, ಲಾರಿ ಹೊರಡುವ ಮೊದಲೇ ವಾಲಿರುತ್ತದೆ.

ಸಾಂದ್ರತೆಯನ್ನು ಮರೆತವರಿಗೆ ಬಾಡಿಯ ಗಾತ್ರ ಮೋಸ ಮಾಡುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. 2 ಮೀಟರ್ ಉದ್ದ, 1.5 ಮೀಟರ್ ಅಗಲ, 1.2 ಮೀಟರ್ ಎತ್ತರದ ಒಂದೇ ದಿಮ್ಮಿ 9.7 ಟನ್ ಆಗುತ್ತದೆ. ಬಾಡಿಯ ಮುಕ್ಕಾಲು ಪಾಲು ಖಾಲಿ ಕಾಣುತ್ತಿದ್ದರೂ ಆರು ಚಕ್ರದ ಲಾರಿಯ ಲೋಡು ಅಲ್ಲಿಗೆ ಮುಗಿಯಿತು. ಬ್ಯಾಡಗಿ ಮೆಣಸಿನಕಾಯಿಯದ್ದು ಇದಕ್ಕೆ ತದ್ವಿರುದ್ಧ ಸಮಸ್ಯೆ: ತೂಕ ಕಡಿಮೆ, ಗಾತ್ರ ಹೆಚ್ಚು. ಆದ್ದರಿಂದ ಚೀಲಗಳು ಎತ್ತರಕ್ಕೆ ಏರುತ್ತವೆ, ಭಾರಕೇಂದ್ರವೂ ಅದರೊಂದಿಗೆ ಏರುತ್ತದೆ, ತಿರುವಿನಲ್ಲಿ ಲಾರಿ ಮಗುಚುವ ಭಯ ಹೆಚ್ಚುತ್ತದೆ. ಮೊದಲನೆಯದರಲ್ಲಿ ವೇಬ್ರಿಜ್ಜಿನ ಚೀಟಿಯನ್ನು ನೋಡಿ ನಿಲ್ಲಿಸಬೇಕು, ಎರಡನೆಯದರಲ್ಲಿ ಎತ್ತರವನ್ನು ಅಳೆದು ನಿಲ್ಲಿಸಬೇಕು.

ಚೀಲಗಳನ್ನು ಒಟ್ಟುವ ರೀತಿ

ಎಪಿಎಂಸಿ ಯಾರ್ಡುಗಳಿಂದ ಹೊರಡುವ ಲೋಡುಗಳಲ್ಲಿ ಬಹುಪಾಲು ಚೀಲಗಳೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಸಾಲನ್ನು ಮುಂಗೋಡೆಗೆ ತಾಗಿಸಿ ಆರಂಭಿಸಿ, ಹಿಂದಕ್ಕೆ ಬರುತ್ತ ಹೋಗಬೇಕು. ಇಟ್ಟಿಗೆಯ ಗೋಡೆ ಕಟ್ಟುವವರು ಕೂಡುಗೆರೆ ಒಂದರ ಮೇಲೊಂದು ಬಾರದಂತೆ ನೋಡಿಕೊಳ್ಳುವ ಹಾಗೆ, ಕೆಳಗಿನ ಎರಡು ಚೀಲಗಳ ಸಂದಿನ ಮೇಲೆ ಮೇಲಿನ ಚೀಲದ ನಡು ಬರಬೇಕು, ಒಂದು ವರಸೆಯನ್ನು ಉದ್ದಕ್ಕೆ ಜೋಡಿಸಿದರೆ ಮುಂದಿನ ವರಸೆಯನ್ನು ಅಡ್ಡಕ್ಕೆ ಜೋಡಿಸಬೇಕು. ಹೀಗೆ ಮಾಡಿದಾಗ ಚೀಲಗಳು ಒಂದನ್ನೊಂದು ಹಿಡಿದುಕೊಂಡು ಇಡೀ ಲೋಡು ಒಂದೇ ಗಟ್ಟಿಯಾಗುತ್ತದೆ. ನೇರವಾಗಿ ಒಂದರ ಮೇಲೊಂದು ಒಟ್ಟಿದ ಚೀಲಗಳು ಬಿಡಿಬಿಡಿ ಕಂಬಗಳಾಗಿ ನಿಲ್ಲುತ್ತವೆ, ಅವುಗಳಲ್ಲಿ ಒಂದು ವಾಲಿದರೆ ಪಕ್ಕದ್ದನ್ನೂ ನೂಕುತ್ತದೆ. ಅಂಚಿನ ಚೀಲಗಳ ಹೊಲಿದ ಬಾಯಿ ಒಳಮುಖವಾಗಿರಬೇಕು, ಹೊಲಿಗೆ ಬಿಚ್ಚಿದರೂ ಕಾಳು ರಸ್ತೆಗೆ ಸುರಿಯುವುದಿಲ್ಲ.

ಬಾಡಿಯ ಪಕ್ಕದ ಗೋಡೆಗಿಂತ ಮೇಲಕ್ಕೆ ಹೋಗುವ ವರಸೆಗಳನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಸರಿಸುತ್ತ, ಮೇಲ್ಭಾಗ ನಡುವಿನಲ್ಲಿ ಉಬ್ಬಿ ಎರಡೂ ಕಡೆ ಇಳಿಜಾರಾಗುವಂತೆ ಮುಗಿಸಬೇಕು. ಹಗ್ಗ ಆಗ ಪ್ರತಿ ಚೀಲದ ಮೇಲೂ ಒತ್ತುತ್ತದೆ, ಮಳೆಯ ನೀರೂ ನಿಲ್ಲುವುದಿಲ್ಲ. ಮೇಲ್ಭಾಗ ಸಪಾಟಾಗಿದ್ದರೆ ಹಗ್ಗದ ಒತ್ತಡವೆಲ್ಲ ಎರಡು ಅಂಚುಗಳ ಚೀಲಗಳ ಮೇಲೆ ಬಿದ್ದು, ನಡುವಿನವು ಸಡಿಲವಾಗಿಯೇ ಉಳಿಯುತ್ತವೆ. ಸೆಣಬಿನ ಚೀಲಗಳು ಒರಟಾಗಿರುವುದರಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಚೀಲಗಳು ಜಾರುತ್ತವೆ, ಆದ್ದರಿಂದ ಅವನ್ನು ಅಷ್ಟೇ ಎತ್ತರಕ್ಕೆ ಒಟ್ಟಬಾರದು, ಎರಡು ಮೂರು ವರಸೆಗೊಮ್ಮೆ ಹಳೆಯ ಗೋಣಿಚೀಲಗಳನ್ನು ನಡುವೆ ಹಾಸಬೇಕು. ಸಿಮೆಂಟಿನ 50 ಕಿಲೋ ಚೀಲಗಳ ಅಡಿಗೆ ನೆಲದ ಮೇಲೂ ಒಂದು ಟಾರ್ಪಾಲು ಹಾಸುವುದು ಅಗತ್ಯ, ಏಕೆಂದರೆ ಮಳೆಗಾಲದಲ್ಲಿ ಚಕ್ರ ಎರಚುವ ನೀರು ಹಲಗೆಯ ಸಂದಿನಿಂದ ಮೇಲಕ್ಕೆ ಬರುತ್ತದೆ.

ಬೇರೆ ಬೇರೆ ಸಾಮಾನುಗಳನ್ನು ಒಟ್ಟಿಗೆ ಸಾಗಿಸುವಾಗ ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಎಂಬ ನಿಯಮ ಎಲ್ಲರಿಗೂ ಗೊತ್ತು. ಅದನ್ನು ಮುರಿಯುವ ಸಂದರ್ಭ ಬರುವುದು ಮೊದಲು ಇಳಿಸಬೇಕಾದದ್ದನ್ನು ಮೇಲೆ ಇಡುವ ಅವಸರದಲ್ಲಿ. ಇಳಿಸುವ ಊರುಗಳ ಕ್ರಮವನ್ನು ಹೇರುವ ಮೊದಲೇ ಬರೆದುಕೊಂಡು, ಅದಕ್ಕೆ ತಕ್ಕಂತೆ ಬಾಡಿಯನ್ನು ಉದ್ದಕ್ಕೆ ಭಾಗ ಮಾಡಿಕೊಂಡರೆ ಆ ಇಕ್ಕಟ್ಟು ಬರುವುದಿಲ್ಲ. ಕೀಟನಾಶಕ, ಆಸಿಡ್, ಎಣ್ಣೆಯ ಡಬ್ಬಗಳನ್ನು ಆಹಾರಧಾನ್ಯದೊಂದಿಗೆ ಹೇರಲೇಬಾರದು. ನಡುವೆ ಸ್ವಲ್ಪ ಇಳಿಸಿದ ಮೇಲೆ ಉಳಿದ ಸರಕಿನ ಸುತ್ತ ಖಾಲಿ ಜಾಗ ಹುಟ್ಟುತ್ತದೆ. ಅದನ್ನು ಖಾಲಿ ಪ್ಯಾಲೆಟ್, ಹಳೆಯ ಟಯರು, ಮರದ ಅಡ್ಡಪಟ್ಟಿಗಳಿಂದ ತುಂಬಿಸಿ, ಹಗ್ಗವನ್ನು ಹೊಸದಾಗಿ ಕಟ್ಟಿಕೊಂಡೇ ಮುಂದಕ್ಕೆ ಹೋಗಬೇಕು.

ಉರುಳುವ, ಜಾರುವ ಸರಕುಗಳು

ಕಬ್ಬಿಣದ ಕಂಬಿ, ಕೊಳವೆ, ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ತಗಡು), ಕಲ್ಲು, ಯಂತ್ರ ಇವುಗಳಿಗೆ ಚೀಲಗಳ ನಿಯಮ ಸಾಲದು, ಇವು ಸರಿದರೆ ನಿಲ್ಲುವುದು ಚಾಲಕನ ಬೆನ್ನಿನ ಹತ್ತಿರ. ಟಿಎಂಟಿ ಕಂಬಿಗಳು ಸಾಮಾನ್ಯವಾಗಿ 12 ಮೀಟರ್ ಉದ್ದ ಬರುತ್ತವೆ. ಚಿಕ್ಕ ಬಾಡಿಯ ಲಾರಿಯಲ್ಲಿ ಅವನ್ನು ಹಿಂದಕ್ಕೆ ಚಾಚಿಕೊಂಡು ಹೋಗುವುದು, ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಸಾಕೆಂದುಕೊಳ್ಳುವುದು ಇಂದಿಗೂ ಕಾಣುತ್ತದೆ. ರಾತ್ರಿ ಹಿಂದಿನಿಂದ ಬರುವ ದ್ವಿಚಕ್ರ ಸವಾರನಿಗೆ ಆ ಬಟ್ಟೆ ಕಾಣುವುದಿಲ್ಲ. ಚಾಚಿದ ಕಂಬಿ ಕಾನೂನಿನ ಪ್ರಕಾರವೂ ಅಪರಾಧ, ಅದಕ್ಕೆ ಉದ್ದನೆಯ ಟ್ರೇಲರನ್ನೇ ತರಿಸಬೇಕು, ಇಲ್ಲವೇ ಕಂಬಿಗಳನ್ನು ಮಡಚಿಸಿ ತರಬೇಕು. ಕಂಬಿಯ ಕಟ್ಟುಗಳನ್ನು ಮುಂಗೋಡೆಗೆ ತಾಗಿಸಿ, ಕಟ್ಟುಗಳ ನಡುವೆ ಅಡ್ಡ ಮರಗಳನ್ನಿಟ್ಟು, ಸರಪಳಿಯನ್ನು ಕಟ್ಟಿನ ಸುತ್ತ ಒಂದು ಪೂರ್ತಿ ಸುತ್ತು ಹಾಕಿ ಬಿಗಿಯಬೇಕು. ಬರಿಯ ಮೇಲಿನಿಂದ ಹಾಯಿಸಿದ ಸರಪಳಿ ಒಳಗಿನ ಕಂಬಿಗಳನ್ನು ಹಿಡಿಯುವುದಿಲ್ಲ, ಬ್ರೇಕ್ ಹಾಕಿದಾಗ ಅವು ಕಟ್ಟಿನ ನಡುವಿನಿಂದ ಈಟಿಗಳಾಗಿ ಹೊರಬರುತ್ತವೆ. ಕೊಳವೆಗಳನ್ನು ಎರಡು ಪಕ್ಕದ ಗೂಟಗಳ ಎತ್ತರಕ್ಕಿಂತ ಮೇಲೆ ಒಟ್ಟಬಾರದು, ಕೆಳಗಿನ ಸಾಲಿನ ಅಂಚಿನ ಕೊಳವೆಗಳಿಗೆ ಬೆಣೆ ಕೊಟ್ಟು ಆ ಬೆಣೆಯನ್ನು ನೆಲಕ್ಕೆ ಮೊಳೆ ಹೊಡೆಯಬೇಕು.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಡೆಯಿಂದ ಹೊರಡುವ ಉಕ್ಕಿನ ಕಾಯಿಲ್‌ಗಳಲ್ಲಿ ಒಂದೊಂದೇ 20 ಟನ್ನಿಗೂ ಮೀರಿ ತೂಗುವುದುಂಟು. ಇಂಥ ಕಾಯಿಲ್ಲನ್ನು ಮಲಗಿಸಿ ಸಾಗಿಸುವುದಾದರೆ ಅದು ನೆಲಕ್ಕೆ ತಾಗದೆ, ಎರಡು ಕಡೆಯ ಗಟ್ಟಿ ಮರದ ಅಥವಾ ಉಕ್ಕಿನ ಇಳಿಜಾರುಗಳ ಮೇಲೆ, ತೊಟ್ಟಿಲಲ್ಲಿ ಕುಳಿತಂತೆ ಕೂರಬೇಕು. ಆ ಎರಡು ಇಳಿಜಾರುಗಳು ಒಂದರಿಂದೊಂದು ದೂರ ಸರಿಯದಂತೆ ಅವನ್ನು ಕಬ್ಬಿಣದ ಪಟ್ಟಿಯಿಂದ ಜೋಡಿಸಿರಬೇಕು. ನೆಲದ ಮೇಲೆ ಇಟ್ಟು ಪಕ್ಕಕ್ಕೆ ಸಣ್ಣ ಬೆಣೆ ತುರುಕಿದರೆ, ಮೊದಲ ಗುಂಡಿಯಲ್ಲಿಯೇ ಕಾಯಿಲ್ ಬೆಣೆಯನ್ನು ಅರೆದು ಹತ್ತಿ ದಾಟುತ್ತದೆ. ಸರಪಳಿಯನ್ನು ಕಾಯಿಲ್ಲಿನ ನಡುವಿನ ರಂಧ್ರದ ಮೂಲಕ ಹಾಯಿಸಿ, ಮುಂದಕ್ಕೆ ಎರಡು, ಹಿಂದಕ್ಕೆ ಎರಡು ಎಂಬಂತೆ ಎದುರುಬದುರಾಗಿ ಎಳೆದು ಕಟ್ಟಬೇಕು. ಗ್ರಾನೈಟ್ ದಿಮ್ಮಿಗಳಿಗೂ ಅಡಿಯಲ್ಲಿ ಅಡ್ಡ ಮರಗಳು, ನಾಲ್ಕೂ ಸುತ್ತ ನೆಲಕ್ಕೆ ಭದ್ರಪಡಿಸಿದ ತಡೆಗಳು, ಮೇಲೆ ಕನಿಷ್ಠ ಎರಡು ಸರಪಳಿಗಳು ಬೇಕು. ತನ್ನ ತೂಕಕ್ಕೆ ತಾನೇ ನಿಲ್ಲುತ್ತದೆ ಎಂಬ ನಂಬಿಕೆ ತಪ್ಪು, ಏಕೆಂದರೆ ತೂಕ ಹೆಚ್ಚಿದಷ್ಟೂ ಅದು ತಳ್ಳುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಟ್ರ್ಯಾಕ್ಟರ್, ಜೆಸಿಬಿಗಳಂಥ ಚಕ್ರದ ಯಂತ್ರಗಳನ್ನು ಸಾಗಿಸುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಪ್ರತಿ ಚಕ್ರದ ಹಿಂದೆ ಮುಂದೆ ಬೆಣೆ ಕೊಟ್ಟು, ನಾಲ್ಕು ಮೂಲೆಗಳಿಂದ ನಾಲ್ಕು ಬೇರೆ ಬೇರೆ ಸರಪಳಿಗಳಿಂದ ಕಟ್ಟಬೇಕು. ಒಂದೇ ಸರಪಳಿಯನ್ನು ನಾಲ್ಕು ಮೂಲೆಗೂ ಸುತ್ತಿಸಿದರೆ ಒಂದೆಡೆ ಕಡಿದಾಗ ನಾಲ್ಕೂ ಕಡೆ ಸಡಿಲವಾಗುತ್ತದೆ.

ಹಗ್ಗ, ಬೆಲ್ಟು, ಸರಪಳಿ

ಹಗ್ಗ ಚೀಲ, ಪೆಟ್ಟಿಗೆ, ಟಾರ್ಪಾಲುಗಳಿಗೆ ಸರಿ. ನಾರಿನ ಹಗ್ಗ ಮಳೆಯಲ್ಲಿ ನೆನೆದಾಗ ಬಿಗಿಯಾಗಿ, ಬಿಸಿಲಿಗೆ ಒಣಗಿದಾಗ ಸಡಿಲವಾಗುತ್ತದೆ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಆದ್ದರಿಂದ ಕಟ್ಟಿದ ಅರ್ಧ ಗಂಟೆಗೆ ಮತ್ತೆ ಬಿಗಿಯಬೇಕಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿನಲ್ಲಿ ಉಳಿದರೆ ಒಳಗೊಳಗೇ ಬಲ ಕಳೆದುಕೊಳ್ಳುತ್ತದೆ. ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಅದನ್ನು ಎಸೆಯುವ ಕಾಲ ಬಂದಿದೆ. ತುಂಡಾದ ಹಗ್ಗವನ್ನು ಗಂಟು ಹಾಕಿ ಬಳಸುವವರು, ಗಂಟಿನ ಜಾಗದಲ್ಲಿ ಹಗ್ಗದ ಶಕ್ತಿ ಬಹಳಷ್ಟು ಕುಗ್ಗುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಪಾಲಿಯೆಸ್ಟರ್ ಬೆಲ್ಟು ಕಡಿಮೆ ಹಿಗ್ಗುತ್ತದೆ, ಪದೇ ಪದೇ ಬಳಸಬಹುದು. ಒಳ್ಳೆಯ ಬೆಲ್ಟಿಗೆ ಹೊಲಿದ ಒಂದು ಚೀಟಿ ಇರುತ್ತದೆ, ಅದರ ನೀಲಿ ಬಣ್ಣ ಪಾಲಿಯೆಸ್ಟರ್ ಎಂಬುದನ್ನು ಸೂಚಿಸುತ್ತದೆ. ಅದು ಎಷ್ಟು ಬಲವನ್ನು ತಾಳುತ್ತದೆ, ಕೈಯಿಂದ ಬಿಗಿದಾಗ ಎಷ್ಟು ಒತ್ತಡ ಕೊಡುತ್ತದೆ ಎಂಬ ಎರಡು ಬೇರೆ ಬೇರೆ ಅಂಕಿಗಳು ಅದರಲ್ಲಿರುತ್ತವೆ. ದೊಡ್ಡ ಅಂಕಿಯನ್ನಷ್ಟೇ ನೋಡಿ, ಬೆಲ್ಟು ಎರಡೂವರೆ ಟನ್ ಹಿಡಿಯುತ್ತದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಮೇಲಿನಿಂದ ಹಾಯಿಸಿದ ಬೆಲ್ಟಿನ ಉಪಯೋಗ ನಿಂತಿರುವುದು ಆ ಸಣ್ಣ ಅಂಕಿಯ ಮೇಲೆ. ರ‍್ಯಾಚೆಟ್ಟಿನ ಕಡ್ಡಿಗೆ ಬೆಲ್ಟು ಕನಿಷ್ಠ ಎರಡು ಸುತ್ತು ಸುತ್ತಿರಬೇಕು, ಹಿಡಿಕೆಗೆ ಕೊಳವೆ ತೂರಿಸಿ ಜಗ್ಗಬಾರದು, ಬೆಲ್ಟಿಗೆ ಗಂಟು ಹಾಕಬಾರದು, ಅದನ್ನು ಭಾರ ಎತ್ತಲು ಬಳಸಬಾರದು. ಅಂಚಿನಲ್ಲಿ ಸೀಳು ಬಿಟ್ಟ, ಹೊಲಿಗೆ ಕಿತ್ತ ಬೆಲ್ಟನ್ನು ಕೂಡಲೇ ತೆಗೆದುಹಾಕಬೇಕು. ಚೂಪಾದ ಅಂಚಿರುವ ಸರಕಿಗೆ ಮೂಲೆಗಳಲ್ಲಿ ದಪ್ಪ ರಬ್ಬರ್ ಅಥವಾ ಟಯರಿನ ತುಂಡನ್ನು ಇಟ್ಟು ಅದರ ಮೇಲೆ ಬೆಲ್ಟು ಹಾಯಿಸಬೇಕು.

ಕಟ್ಟುವ ಕೋನಕ್ಕೆ ನಮ್ಮಲ್ಲಿ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲ. ಹಗ್ಗ ನೆಟ್ಟಗೆ ಕೆಳಕ್ಕೆ ಇಳಿದಾಗ ಅದರ ಬಲವೆಲ್ಲ ಸರಕನ್ನು ಒತ್ತುತ್ತದೆ. ನೆಲದಿಂದ 30 ಡಿಗ್ರಿ ಕೋನದಲ್ಲಿ ಓರೆಯಾಗಿ ಎಳೆದರೆ ಅರ್ಧ ಬಲವಷ್ಟೇ ಒತ್ತಡವಾಗಿ ಸಿಗುತ್ತದೆ. ತಗ್ಗಾದ, ಅಗಲವಾದ ಸರಕಿನಲ್ಲಿ ಹೀಗೇ ಆಗುವುದರಿಂದ ಅಲ್ಲಿ ಮೇಲಿನಿಂದ ಒತ್ತುವುದಕ್ಕಿಂತ, ಸರಕಿಗೇ ಕೊಕ್ಕೆ ಹಾಕಿ ನಾಲ್ಕು ದಿಕ್ಕಿಗೆ ಎಳೆದು ಕಟ್ಟುವುದು ಲೇಸು. ಒಂದೇ ಉದ್ದನೆಯ ಹಗ್ಗವನ್ನು ಲಾರಿಯ ಮುಂದಿನಿಂದ ಹಿಂದಿನವರೆಗೆ ಅಂಕುಡೊಂಕಾಗಿ ಹಾಯಿಸುವ ರೂಢಿಯನ್ನೂ ಬಿಡಬೇಕು. ಅದು ಒಂದು ಕಡೆ ಕಡಿದರೆ ಇಡೀ ಲೋಡು ಬಿಚ್ಚಿದಂತೆಯೇ ಸರಿ. ಬಾಡಿಯ ಉದ್ದಕ್ಕೆ ಹಲವು ಬಿಡಿ ಕಟ್ಟುಗಳನ್ನು ಹಾಕಿ, ಒಂದೊಂದನ್ನೂ ಅದರದರ ಕೊಕ್ಕೆಯಲ್ಲಿ ಮುಗಿಸಬೇಕು.

ಟಾರ್ಪಾಲು ಸರಕನ್ನು ಮಳೆಯಿಂದ, ಗಾಳಿಯಿಂದ ಕಾಯುತ್ತದೆ, ಅದಕ್ಕೆ ಸರಕನ್ನು ಹಿಡಿಯುವ ಶಕ್ತಿಯಿಲ್ಲ. ಆದ್ದರಿಂದ ಸರಕಿನ ಹಗ್ಗವನ್ನು ಮೊದಲು ಕಟ್ಟಿ, ಅದರ ಮೇಲೆ ಟಾರ್ಪಾಲು ಹೊದಿಸಿ, ಟಾರ್ಪಾಲಿಗೆ ಬೇರೆ ಹಗ್ಗ ಹಾಕಬೇಕು. ಮುಂದಿನ ಟಾರ್ಪಾಲಿನ ಅಂಚು ಹಿಂದಿನದರ ಮೇಲೆ ಬರಬೇಕು, ಇಲ್ಲವಾದರೆ ಗಾಳಿ ಒಳಹೊಕ್ಕು ಹರಿಯುತ್ತದೆ. ಮರಳು, ಜಲ್ಲಿ, ಅದಿರಿನ ಲೋಡುಗಳಿಗೆ ಟಾರ್ಪಾಲು ಹೊದಿಸದೆ ಹೊರಡುವುದು ಹಿಂದೆ ಬರುವವರ ಕಣ್ಣಿಗೆ, ಗಾಜಿಗೆ ಮಾಡುವ ಅನ್ಯಾಯ.

ರಸ್ತೆಯಲ್ಲಿ

ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ, ಎಲ್ಲ ಕಟ್ಟುಗಳನ್ನೂ ಕೈಯಿಂದ ಮುಟ್ಟಿ ನೋಡಲೇಬೇಕು. ಅಲುಗಾಟಕ್ಕೆ ಚೀಲಗಳು ಕುಳಿತು, ಸರಕಿನ ಎತ್ತರ ತಗ್ಗಿ, ಬಿಗಿಯಾಗಿದ್ದ ಹಗ್ಗ ಸಡಿಲವಾಗಿರುತ್ತದೆ. ಆಮೇಲೆ ಊಟಕ್ಕೆ, ಚಹಾಕ್ಕೆ ನಿಲ್ಲಿಸಿದಾಗಲೆಲ್ಲ, ಮಳೆ ಬಂದು ನಿಂತ ಮೇಲೆ, ಜೋರಾಗಿ ಬ್ರೇಕ್ ಹಾಕಬೇಕಾಗಿ ಬಂದ ಮೇಲೆ ಮತ್ತೆ ನೋಡಬೇಕು.

ಘಾಟಿಗೆ ಇಳಿಯುವ ಮೊದಲಿನ ಪರೀಕ್ಷೆ ಬೇರೆಯದೇ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಹೋಗುವವರು ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವ ಮೊದಲು, ಹುಬ್ಬಳ್ಳಿಯಿಂದ ಅಂಕೋಲೆಯ ಕಡೆಗೆ ಹೋಗುವವರು ಯಲ್ಲಾಪುರ ಬಿಟ್ಟು ಅರಬೈಲ್ ಘಾಟಿಗೆ ಇಳಿಯುವ ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂಗೋಡೆ ಮತ್ತು ಸರಕಿನ ನಡುವೆ ಸಂದು ಬಿದ್ದಿದೆಯೇ ಎಂದು ನೋಡಬೇಕು. ಇಳಿಜಾರಿನಲ್ಲಿ ಸರಕು ಸದಾ ಮುಂದಕ್ಕೆ ಒತ್ತುತ್ತಿರುತ್ತದೆ, ಸಂದಿದ್ದರೆ ಅದು ಓಡಿ ಬಂದು ಬಡಿಯುತ್ತದೆ, ಆನಿಸಿದ್ದರೆ ಒತ್ತುತ್ತದೆ ಅಷ್ಟೆ. ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ: 40 ಕಿಲೋಮೀಟರ್ ವೇಗವನ್ನು 60ಕ್ಕೆ ಏರಿಸಿದರೆ ಆ ಬಲ ಎರಡೂಕಾಲು ಪಟ್ಟಾಗುತ್ತದೆ. 30 ಮೀಟರ್ ತ್ರಿಜ್ಯದ ಹಿಮ್ಮುರಿ ತಿರುವಿನಲ್ಲಿ 40 ಕಿಲೋಮೀಟರ್ ವೇಗವೇ ಸರಕನ್ನು ಅದರ ತೂಕದ 0.4 ಪಾಲಿನಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ, ಎತ್ತರಕ್ಕೆ ಹೇರಿದ ಲಾರಿ ಮಗುಚಲು ಅಷ್ಟು ಸಾಕಾಗಬಹುದು.

ಸರಕಿನ ಮೇಲೆ ಜನರನ್ನು ಕೂರಿಸುವ ವಿಷಯವನ್ನು ಇಲ್ಲಿ ಹೇಳಲೇಬೇಕು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ತರಕಾರಿ, ಹಣ್ಣು ಹೇರಿಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ರಸ್ತೆ ಬಿಟ್ಟು ಕಣಿವೆಗೆ ಉರುಳಿತು. ಸರಕಿನ ಜೊತೆ ಅದರಲ್ಲೇ ಪ್ರಯಾಣಿಸುತ್ತಿದ್ದ ವ್ಯಾಪಾರಿಗಳಲ್ಲಿ ಕನಿಷ್ಠ ಹತ್ತು ಮಂದಿ ತೀರಿಕೊಂಡರು. ಬಸ್ಸಿಲ್ಲದ ಹೊತ್ತಿನಲ್ಲಿ ಸಂತೆಗೆ ತಲುಪಬೇಕಾದ ಬಡ ವ್ಯಾಪಾರಿಗೆ ಲಾರಿಯೇ ಗತಿ ಎಂಬುದು ನಿಜ, ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಚಾಲಕನಾದವನು ಇದಕ್ಕೆ ಒಪ್ಪಬಾರದು. ಎಷ್ಟೇ ಚೆನ್ನಾಗಿ ಕಟ್ಟಿದ ಲೋಡಾದರೂ ಲಾರಿ ಮಗುಚಿದಾಗ ಅದರ ಮೇಲೆ ಕುಳಿತವರನ್ನು ಕಾಯುವ ಹಗ್ಗ ಇಲ್ಲ. ಜನರಿಗೆ ಬೇರೆ ವಾಹನ, ಸರಕಿಗೆ ಲಾರಿ ಎಂದು ವ್ಯಾಪಾರಿಗಳೇ ಕೂಡಿ ಏರ್ಪಾಟು ಮಾಡಿಕೊಳ್ಳಬೇಕು.

ಇಳಿಸುವಾಗ

ಪ್ರಯಾಣದಲ್ಲಿ ಸರಿದ ಸರಕು ಬಾಗಿಲಿಗೆ ಒರಗಿ ನಿಂತಿರಬಹುದು. ಹಗ್ಗ ಬಿಚ್ಚುವ ಮೊದಲು ಲಾರಿಯನ್ನು ಒಂದು ಸುತ್ತು ಬಂದು, ಪಕ್ಕದ ಬಾಗಿಲು ಉಬ್ಬಿದೆಯೇ, ಯಾವ ಕಡೆ ವಾಲಿದೆ ಎಂದು ನೋಡಬೇಕು. ಉಬ್ಬಿದ ಬಾಗಿಲಿನ ಅಗುಳಿಯನ್ನು ಎದುರಿಗೆ ನಿಂತು ತೆಗೆಯಬಾರದು, ಬದಿಯಲ್ಲಿ ನಿಂತು ತೆಗೆಯಬೇಕು, ಆ ಹೊತ್ತಿನಲ್ಲಿ ಬಾಗಿಲಿನ ಮುಂದೆ ಯಾರೂ ಇರಬಾರದು. ಕಂಬಿ, ಕೊಳವೆಗಳ ಲೋಡಿನಲ್ಲಿ ಕ್ರೇನಿನ ಕೊಕ್ಕೆ ಕಟ್ಟನ್ನು ಹಿಡಿದುಕೊಂಡ ಮೇಲಷ್ಟೇ ಆ ಕಟ್ಟಿನ ಸರಪಳಿ ಬಿಚ್ಚಬೇಕು. ಚೀಲಗಳನ್ನು ಮೇಲಿನಿಂದ ವರಸೆ ವರಸೆಯಾಗಿ ಇಳಿಸಬೇಕು. ಬೇಗ ಮುಗಿಯಲೆಂದು ಕೆಳಗಿನ ಚೀಲ ಎಳೆದು ಮೇಲಿನವನ್ನು ಬೀಳಿಸುವ ಕೆಲಸಕ್ಕೆ ಅವಕಾಶ ಕೊಡಬಾರದು.

ಇಳಿಸಿಯಾದ ಮೇಲೆ ಹಗ್ಗ, ಬೆಲ್ಟುಗಳನ್ನು ಒಂದೊಂದಾಗಿ ಸುರುಳಿ ಸುತ್ತುವಾಗ ಕೈಗೆ ಸಿಗುವ ಸೀಳು, ಸುಟ್ಟ ಗುರುತುಗಳನ್ನು ನೋಡಿಕೊಂಡು, ನೆನೆದವನ್ನು ನೆರಳಿನಲ್ಲಿ ಒಣಗಿಸಿ, ಕ್ಯಾಬಿನ್ನಿನ ಪೆಟ್ಟಿಗೆಯಲ್ಲಿ ಇಡಬೇಕು. ಕೆಟ್ಟ ಬೆಲ್ಟನ್ನು ಹಾಗೆಯೇ ಯಾರ್ಡಿನ ಮೂಲೆಗೆ ಎಸೆದರೆ ಮತ್ತೊಬ್ಬ ಚಾಲಕ ಎತ್ತಿಕೊಂಡು ಕಟ್ಟುತ್ತಾನೆ, ಆದ್ದರಿಂದ ಅದನ್ನು ಎರಡು ತುಂಡಾಗಿ ಕತ್ತರಿಸಿಯೇ ಎಸೆಯಬೇಕು.